ಹಿಮ್ಮೇಳವಿಲ್ಲದ ಸ್ಟುಡಿಯೋ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಡಿಜೆ ಏರಿಸಿ ಹಚ್ಚುವ ಜಾನಪದ ಹಾಡುಗಳ ಬಗ್ಗೆ ತಿಳಿದವರ ತೀರ್ಪು ಬಹುಮಟ್ಟಿಗೆ ಒಂದೇ: ಕಂಪ್ಯೂಟರ್ ಬಂತು, ಜಾನಪದ ಕೆಟ್ಟಿತು. ಆಟೋಟ್ಯೂನ್ ದನಿಯನ್ನು ಸುಳ್ಳಾಗಿಸಿತು, ಒಂದೊಂದು ಕೋಣೆಯಲ್ಲಿ ಹುಟ್ಟಿಕೊಂಡ ಸ್ಟುಡಿಯೋಗಳು ಪದವನ್ನು ಸರಕು ಮಾಡಿದವು ಎಂದು ಅವರು ಕಾರಣ ಕೊಡುತ್ತಾರೆ. ಕಿವಿಗೆ ಆದ ನೋವು ನಿಜ. ಆದರೆ ಕಟಕಟೆಯಲ್ಲಿ ನಿಲ್ಲಿಸಿದ ಆರೋಪಿ ತಪ್ಪು.

ಯಂತ್ರದ ಮೇಲಿನ ಈ ಗುಮಾನಿ ಹಳೆಯದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ವಾದ್ಯಕ್ಕೆ ಬಾಗಿಲು ಹಾಕಿತು. ಅದರ ಸ್ವರಗಳು ಅಲುಗಾಡುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗೆ ಅದು ಒಗ್ಗುವುದಿಲ್ಲ ಎಂಬ ದೂರುಗಳಿದ್ದವು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಇಷ್ಟರಲ್ಲಿ ನಮ್ಮ ಭಜನಾ ಮೇಳಗಳು ಹಾರ್ಮೋನಿಯಂ ಇಲ್ಲದೆ ಕೂಡದಂತಾಗಿದ್ದವು. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಶ್ರೀಕೃಷ್ಣ ಪಾರಿಜಾತದಲ್ಲೂ ಅದು ಹಿಮ್ಮೇಳದ ಆಧಾರವಾಯಿತು. ಇಂದು ಅದನ್ನೇ ಪರಂಪರೆ ಎನ್ನುತ್ತೇವೆ. ತೈಲ ಶೋಧನೆಯಲ್ಲಿ ಭೂಕಂಪನ ಅಲೆಗಳನ್ನು ಓದುತ್ತಿದ್ದ ಆಂಡಿ ಹಿಲ್ಡಬ್ರಾಂಡ್ 1997ರಲ್ಲಿ ಹೊರತಂದ ಆಟೋಟ್ಯೂನ್ ಕೂಡ ದನಿಯನ್ನು ಹನ್ನೆರಡು ಗೊತ್ತಾದ ಸ್ವರಗಳ ಕಡೆಗೆ ಎಳೆಯುತ್ತದೆ. ಪೆಟ್ಟಿಗೆ ಮಾಡಿದರೆ ಸಂಪ್ರದಾಯ, ಸಾಫ್ಟ್‌ವೇರ್ ಮಾಡಿದರೆ ಅಪಚಾರ ಎನ್ನುವುದು ವಾದವಾಗಲಾರದು.

ಸ್ಟುಡಿಯೋಕ್ಕೆ ಹೋದರೆ ಮಣ್ಣಿನ ವಾಸನೆ ಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ‘ಕಾಡು ಕುದುರೆ’ ಚಿತ್ರಕ್ಕೆ ತಾವೇ ಹಾಡು ಬರೆದು ಸಂಗೀತ ಕೂಡಿಸಿದರು. ಅದನ್ನು ಹಾಡಿದವರು ಸುಗಮ ಸಂಗೀತದ ಶಿವಮೊಗ್ಗ ಸುಬ್ಬಣ್ಣ. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಕಡೆಯ ಧಾಟಿ ಮಲೆನಾಡಿನ ಕಂಠಕ್ಕೂ ಮೈಕಿಗೂ ದಾಟಿ ಹೋಯಿತು, ಸೊರಗಲಿಲ್ಲ. ಪುಸ್ತಕದ ಮಾತು ಬೇರೆ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಅಚ್ಚು ಹಾಕಿಸಿದಾಗ ಧಾಟಿ, ಬೀಸುಕಲ್ಲಿನ ಸದ್ದು, ಜೊತೆ ದನಿ ಎಲ್ಲವೂ ಹೊರಗೇ ಉಳಿದವು. ಅಚ್ಚಿನ ಮೊಳೆ ಜಾನಪದವನ್ನು ಕೆಡಿಸಿತೆಂದು ಯಾರೂ ದೂರಲಿಲ್ಲ, ದೂರಬೇಕಾಗಿಯೂ ಇರಲಿಲ್ಲ.

ಹಾಗಾದರೆ ಕೆಟ್ಟದ್ದು ಎಲ್ಲಿ? ಕೆಲಸದ ಕ್ರಮದಲ್ಲಿ. ಈಗಿನ ರೂಢಿಯಲ್ಲಿ ಮೊದಲು ಟ್ರ್ಯಾಕ್ ಆಗುತ್ತದೆ. ಕೀಬೋರ್ಡಿನವನು ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಗೊತ್ತುಮಾಡಿ, ಸಿದ್ಧ ಲೂಪ್‌ಗಳಿಂದ ಹಲಗಿ, ಢೋಲಕ್ ಕೂಡಿಸುತ್ತಾನೆ. ಆಮೇಲೆ ಹಾಡುವವನು ಒಬ್ಬನೇ ನಿಂತು ಹೆಡ್‌ಫೋನಿನಲ್ಲಿ ಲಯ ಎಣಿಸುವ ಕ್ಲಿಕ್ ಕೇಳುತ್ತ ಒಂದೊಂದೇ ನುಡಿ ಹಾಡುತ್ತಾನೆ. ತಪ್ಪಿದ ಸಾಲನ್ನಷ್ಟೇ ಮತ್ತೆ ಹಾಡಿಸಿ ಕೂಡಿಸುತ್ತಾರೆ. ಕೋರಸ್ ಬೇಕಾದರೆ ಅವನ ದನಿಯನ್ನೇ ನಾಲ್ಕು ಪದರ ಹಚ್ಚುತ್ತಾರೆ. ಕಲಿಯಲು ಬಂದ ಹುಡುಗರಿಗೆ ‘ರೆಕಾರ್ಡಿಂಗ್ ಅಂದರೆ ಇದೇ’ ಎಂದು ಹೇಳಿಕೊಡಲಾಗುತ್ತದೆ. ಇದು ಸಿನಿಮಾದ ಕ್ರಮ ಎನ್ನುವವರಿಗೆ ಸಿನಿಮಾದ ಹಳೆಯ ಕ್ರಮ ಗೊತ್ತಿದ್ದಂತಿಲ್ಲ. ಹಲವು ಟ್ರ್ಯಾಕುಗಳ ಟೇಪು ಬರುವ ಮುನ್ನ ಮದ್ರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು ಒಂದೇ ಟೇಕಿನಲ್ಲಿ ಹಾಡು ಮುಗಿಸುತ್ತಿದ್ದರು.

ಗೀಗೀ ಪದವನ್ನು ಈ ಕ್ರಮಕ್ಕೆ ಹಾಕಿ ನೋಡಿ. ಮುಂದಿನವನು ದಪ್ಪು ಹಿಡಿದು ಸಾಲು ಎತ್ತುತ್ತಾನೆ. ತುಂತುಣಿ, ತಾಳ ಹಿಡಿದ ಹಿಂದಿನವರು ಸಾಲು ನೆಲಕ್ಕೆ ಬೀಳುವ ಮೊದಲೇ ಎತ್ತಿಕೊಂಡು ಎಳೆಯುತ್ತಾರೆ. ಅವರು ಎಳೆಯುವಷ್ಟು ಹೊತ್ತಿನಲ್ಲಿ ಮುಂದಿನವನಿಗೆ ಉಸಿರೂ ಮುಂದಿನ ನುಡಿಯೂ ಸಿಗುತ್ತವೆ. ಹರದೇಶಿ–ನಾಗೇಶಿ ಎಂಬ ಎರಡು ಪಕ್ಷಗಳ ಸವಾಲು ಬಿಸಿಯೇರಿದಂತೆ ಲಯವೂ ಏರುತ್ತದೆ. ಕ್ಲಿಕ್ಕಿಗೆ ಈ ಏರಿಕೆ ತಪ್ಪು, ಒಬ್ಬಂಟಿ ಹಾಡಿಕೆಯಲ್ಲಿ ಈ ಹಿಮ್ಮೇಳಕ್ಕೆ ಜಾಗವೇ ಇಲ್ಲ. ಹೀಗೆ ಹಿಮ್ಮೇಳ ಕಳೆದುಕೊಂಡ ಪದಕ್ಕೆ ಬಾಸ್ ಎಷ್ಟು ತುಂಬಿದರೂ ಹೊಟ್ಟೆ ತುಂಬುವುದಿಲ್ಲ.

ಇದಕ್ಕೆ ಮದ್ದೂ ಅದೇ ಕಂಪ್ಯೂಟರಿನಲ್ಲಿದೆ. ಮೇಳವನ್ನು ಒಟ್ಟಿಗೆ ಕೂರಿಸಿ ಮೊದಲು ಹಾಡಿಸಬಹುದು. ಅವರ ಏರಿಳಿತಕ್ಕೆ ತಕ್ಕಂತೆ ಆಮೇಲೆ ಲಯದ ನಕ್ಷೆ, ಅಂದರೆ ಟೆಂಪೋ ಮ್ಯಾಪ್ ಎಳೆದು, ಬೇಕಾದ ವಾದ್ಯವನ್ನು ಅದರ ಮೇಲೆ ಕೂಡಿಸಬಹುದು. ಪದ ಕ್ಲಿಕ್ಕಿನ ಹಿಂದೆ ಓಡುವ ಬದಲು ಕ್ಲಿಕ್ಕೇ ಪದದ ಹಿಂದೆ ಬರುತ್ತದೆ. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಗ್ಗುವುದನ್ನು ಸ್ಟುಡಿಯೋದವರು ದೋಷ ಎನ್ನುತ್ತಾರೆ. ಅದು ಮಿತಿಯಲ್ಲಿದ್ದರೆ ಮೇಳವನ್ನು ಬೆಸೆಯುವುದೂ ಅದೇ. ಮಿತಿಯಲ್ಲಿಡುವುದೇ ಕಲಿಯಬೇಕಾದ ವಿದ್ಯೆ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಕೋಣೆಯಲ್ಲಿ ಗೋಡೆಗಳು ಮರಳಿಸುವುದರಿಂದ ಕಡಿಮೆ ಇಳಿಯುತ್ತದೆ. ತಾಳದವನನ್ನು ಎರಡು ಹೆಜ್ಜೆ ಹಿಂದೆ ಕೂರಿಸಿ, ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನನ್ನು ಅವನ ಕಡೆ ತಿರುಗಿಸಿದರೆ ಆಗುವ ಕೆಲಸ, ಮಿಕ್ಸಿಂಗಿನಲ್ಲಿ ಎಷ್ಟು ಹೊತ್ತು ಈಕ್ವಲೈಸರ್ ತಿರುವಿದರೂ ಆಗದು.

ಅಬ್ಬರದ ಲೆಕ್ಕವೂ ಹೀಗೆಯೇ. ಟ್ರ್ಯಾಕ್ಟರಿನ ಡಬ್ಬಿಗೆ ಹಾಡನ್ನು ಹಿಂಡಿ ಜೋರು ಮಾಡುವುದರಲ್ಲಿ ಅರ್ಥವಿದೆ. ಯೂಟ್ಯೂಬಿಗೆ ಹಾಗೆ ಮಾಡಿದರೆ ಲಾಭವಿಲ್ಲ. ಸದ್ದಿನ ಜೋರನ್ನು ಅಳೆಯುವ ಎಲ್‌ಯುಎಫ್‌ಎಸ್ ಮಾನದಲ್ಲಿ ಸುಮಾರು ಮೈನಸ್ 14ರ ಮಟ್ಟಕ್ಕಿಂತ ಜೋರಾದುದನ್ನು ಅದು ತಾನೇ ತಗ್ಗಿಸುತ್ತದೆ. ಜೋರು ಹೋಗಿ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಒಂದೇ ಹಾಡಿಗೆ ಎರಡು ಮಾಸ್ಟರ್ ಮಾಡಿಕೊಟ್ಟರೆ ಮುಗಿಯಿತು.

‘ಐದು ಜನರ ಪಗಾರ ಯಾರು ಕೊಡಬೇಕು?’ ಎಂದು ಸ್ಟುಡಿಯೋದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಒಂದು ಟ್ರ್ಯಾಕ್ ಮಾಡಿಟ್ಟುಕೊಂಡು ಹತ್ತು ಜನರಿಂದ ಹಾಡಿಸಿದರೆ ಅಗ್ಗ. ದುಡಿಮೆ ಮುಗಿಸಿ ಬರುವ ಹಾಡುಗಾರನಿಗೂ ಒಬ್ಬನೇ ಬಂದು ಹೋಗುವುದು ಸಲೀಸು. ಆದರೆ ವರ್ಷಗಟ್ಟಲೆ ಕೂಡಿ ಹಾಡಿದ ಮೇಳ ಎರಡು ಟೇಕಿನಲ್ಲಿ ಪದ ಮುಗಿಸಬಲ್ಲದು. ಸಾಲು ಸಾಲು ಕೂಡಿಸಿ, ಸ್ವರ ತಿದ್ದುವ ಹೊತ್ತು ಉಳಿಯುತ್ತದೆ. ತಾಸಿನ ಲೆಕ್ಕದಲ್ಲಿ ಬಾಡಿಗೆ ಹಿಡಿಯುವವರು ಈ ತಾಸುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಸ್ಟುಡಿಯೋ ಕೆಲಸ ಕಲಿಯಲು ಬಂದವರನ್ನು ಮೊದಲ ದಿನವೇ ಲೂಪ್ ಲೈಬ್ರರಿಯ ಮುಂದೆ ಕೂರಿಸಬಾರದು. ಎರಡು ಮೈಕು, ಒಂದು ರೆಕಾರ್ಡರ್ ಕೊಟ್ಟು ಅಮಾವಾಸ್ಯೆಯ ಭಜನೆಗೆ ಕಳಿಸಬೇಕು. ಪದಗಳನ್ನು ಪೂರ್ತಿ ಹಿಡಿದು ತರಲಿ, ಯಾವ ಸದ್ದು ಯಾವುದನ್ನು ನುಂಗಿತು, ಯಾಕೆ ನುಂಗಿತು ಎಂದು ಕೇಳಿ ಹೇಳಲಿ. ಆಮೇಲೆ ಆಟೋಟ್ಯೂನ್ ಹಚ್ಚಲಿ, ಕ್ಲಿಕ್ ಹಾಕಲಿ, ಡಿಜೆ ಹಾಡನ್ನೇ ಮಾಡಲಿ, ತಕರಾರಿಲ್ಲ. ಹಿಮ್ಮೇಳವನ್ನು ಬೇಡವೆಂದು ಬಿಡುವ ಹಕ್ಕು ಅದನ್ನು ಒಮ್ಮೆಯಾದರೂ ಸರಿಯಾಗಿ ಹಿಡಿದವರಿಗೆ ಇದೆ. ಹಿಡಿಯಲು ಬಾರದೆ ಬಿಟ್ಟು, ಅದನ್ನೇ ಹೊಸ ಕಾಲದ ಧಾಟಿ ಎನ್ನುವವರನ್ನು ಪ್ರಶ್ನಿಸಬೇಕು. ಕಂಪ್ಯೂಟರನ್ನು ಬೈಯುವುದರಿಂದ ಅವರು ಸುಲಭವಾಗಿ ಪಾರಾಗುತ್ತಾರೆ.