ಕಂದಾಯದ ಸೂರು, ದಾನದ ಕಂಬಳಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಮನೆ ಮಾಲೀಕರಿಗೆ ಆಸ್ತಿ ತೆರಿಗೆಯ ನೆನಪಾಗುತ್ತದೆ. ಆ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇಕಡ 5 ರಿಯಾಯಿತಿ. ಕಟ್ಟಿದ ಮೇಲೆ ಸಿಗುವ ರಸೀದಿಯಲ್ಲಿ ಒಟ್ಟು ಮೊತ್ತ ನೋಡಿ ಮಡಚಿಡುವವರೇ ಹೆಚ್ಚು. ಸೆಸ್ ಎಂಬ ಸಾಲನ್ನು ಬಿಡಿಸಿ ನೋಡುವವರು ಕಡಿಮೆ. ಹಲವು ವರ್ಷ ಆ ಸೆಸ್ ತೆರಿಗೆಯ ಶೇಕಡ 24ರಷ್ಟಿತ್ತು: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಹೆಸರಿನಲ್ಲಿ 3. ಆರು ಸಾವಿರ ತೆರಿಗೆ ಬರುವ ಮನೆಯೊಂದನ್ನು ಲೆಕ್ಕಕ್ಕೆ ಹಿಡಿದರೆ ಈ ಮೂರನೆಯ ಬಾಬತ್ತು 180 ರೂಪಾಯಿ. ಮಾಲೀಕ ಜಿಪುಣನಿರಲಿ, ಉದಾರಿಯಿರಲಿ, ನಿರ್ಗತಿಕರಿಗೆಂದು ವರ್ಷಕ್ಕೆ ಅಷ್ಟು ಅವನ ಕೈಯಿಂದ ಹೋಗಿಯೇ ತೀರುತ್ತದೆ.

ಅದೇ ಮಾಲೀಕ ಡಿಸೆಂಬರಿನ ಒಂದು ರಾತ್ರಿ ಕಂಬಳಿ ಕೊಂಡು ಫ್ಲೈಓವರ್ ಕೆಳಗೆ ಮಲಗಿದವನಿಗೆ ಹೊದಿಸಿದರೆ, ಅದು ಅವನಿಗೆ ವರ್ಷವೆಲ್ಲ ನೆನಪಿರುತ್ತದೆ. ಸೆಸ್ಸಿನ ದುಡ್ಡು ನೆನಪಿರುವುದಿಲ್ಲ. ಬೀದಿಯಲ್ಲಿ ಮಲಗುವವರ ಹೊಣೆ ಯಾರದು, ತೆರಿಗೆ ವಸೂಲು ಮಾಡುವ ಸರ್ಕಾರದ್ದೋ, ಮನಸ್ಸಾದಾಗ ಕೊಡುವ ದಾನಿಯದ್ದೋ ಎಂಬ ವಾದ ಎಲ್ಲ ಕಡೆಯೂ ಇದೆ. ಎರಡೂ ದಾರಿಗಳು ಒಂದೇ ಊರಿನಲ್ಲಿ, ಒಂದೇ ಮನೆಯಿಂದ ಹೊರಟು ಎಲ್ಲಿಗೆ ಮುಟ್ಟುತ್ತವೆ ಎಂಬುದನ್ನು ನೋಡಲು ಬೆಂಗಳೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ಮೊದಲು ಕಂಬಳಿಯ ದಾರಿ. ಕೆ.ಆರ್. ಮಾರುಕಟ್ಟೆಯ ಫ್ಲೈಓವರ್ ಕೆಳಗೆ ರಾತ್ರಿ ಹನ್ನೊಂದರ ಹೊತ್ತಿಗೆ ಹೋದರೆ, ಮಲಗಿದವರಲ್ಲಿ ಬಹಳ ಮಂದಿ ಹಗಲೆಲ್ಲ ದುಡಿದವರು: ಮೂಟೆ ಹೊರುವವರು, ಹೂವಿನ ಗಾಡಿ ತಳ್ಳುವವರು, ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆಯುವವರು. ಚಪ್ಪಲಿ ಕಳುವಾಗದಿರಲೆಂದು ತಲೆಯಡಿ ಇಟ್ಟು ಅದರ ಮೇಲೆ ಚೀಲ ಒತ್ತಿರುತ್ತಾರೆ. ಚೀಲದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡು, ಒಂದು ಜೊತೆ ಬಟ್ಟೆ. ಚಳಿಗಾಲದಲ್ಲಿ ಕಾರುಗಳು ಬಂದು ನಿಲ್ಲುತ್ತವೆ, ಒಬ್ಬನಿಗೇ ಒಂದು ವಾರದಲ್ಲಿ ಎರಡು ಮೂರು ಕಂಬಳಿ ಸಿಗುವುದೂ ಉಂಟು. ಆದರೆ ಬೆಳಗಾಗುತ್ತಲೇ ಅಂಗಡಿ ಬಾಗಿಲು ತೆರೆಯುತ್ತದೆ, ಜಾಗ ಬಿಡಬೇಕು. ಕಂಬಳಿ ಇಡಲು ಬೀರುವಿಲ್ಲ. ಹೊತ್ತುಕೊಂಡು ಕೂಲಿಗೆ ಹೋಗಲಾಗದು. ಕಟ್ಟೆಯ ಸಂದಿನಲ್ಲಿ ತುರುಕಿಟ್ಟರೆ ಸಂಜೆಗೆ ಇರುತ್ತದೆಂಬ ಖಾತರಿಯಿಲ್ಲ. ಜೂನ್, ಜುಲೈ ತಿಂಗಳಲ್ಲಿ ಮಳೆನೀರು ಅದೇ ಜಾಗಕ್ಕೆ ನುಗ್ಗಿದಾಗ ಅವರಿಗೆ ಬೇಕಾದದ್ದು ಒಣಗಿದ ನೆಲ, ಬೀಗವಿರುವ ಒಂದು ಪೆಟ್ಟಿಗೆ, ರಾತ್ರಿ ಹೋಗಲು ಶೌಚಾಲಯ. ಇವನ್ನು ಕಾರಿನ ಡಿಕ್ಕಿಯಲ್ಲಿ ತುಂಬಿ ತಂದು ಹಂಚಲು ಬರುವುದಿಲ್ಲ.

ಹಾಗೆಂದು ದಾನವನ್ನು ಹಗುರವಾಗಿ ಕಾಣುವುದು ತಪ್ಪು. ಆಟೋ ರಾಜ ಎಂದೇ ಹೆಸರಾದ ಟಿ. ರಾಜಾ 1997ರಲ್ಲಿ ಶುರು ಮಾಡಿದ ನ್ಯೂ ಆರ್ಕ್ ಮಿಷನ್, ಹುಣ್ಣಿನಲ್ಲಿ ಹುಳುವಾಗಿ ರಸ್ತೆ ಬದಿಯಲ್ಲಿ ಬಿದ್ದವರನ್ನು ಎತ್ತಿ ತಂದು ತೊಳೆದು ಉಳಿಸಿಕೊಂಡಿದೆ. ಯಾವ ಸುತ್ತೋಲೆಯೂ ಇಂಥ ಕೆಲಸ ಮಾಡಿಸಲಾರದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗಲೂ ಅಷ್ಟೆ. ಸರ್ಕಾರದ ಕಡತ ಮೇಜು ದಾಟುವ ಮೊದಲೇ ಅಪಾರ್ಟ್‌ಮೆಂಟುಗಳ ಅಡುಗೆಮನೆಗಳಲ್ಲಿ, ಮಸೀದಿ, ಗುರುದ್ವಾರ, ಮಠಗಳಲ್ಲಿ ಅನ್ನ ಬೆಂದು ಪೊಟ್ಟಣವಾಗಿ ಬೀದಿಗೆ ಬಂತು. ಕಣ್ಣೆದುರಿನ ನೋವಿಗೆ ಕೂಡಲೇ ಕೈ ಚಾಚುವ ಗುಣ ದಾನಕ್ಕಿದೆ, ತೆರಿಗೆಗಿಲ್ಲ.

ಆದರೆ ಕಣ್ಣಿಗೆ ಬಿದ್ದದ್ದಕ್ಕಷ್ಟೇ ಅದು ಕೈ ಚಾಚುತ್ತದೆ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಫೆಬ್ರವರಿ 28ರ ಒಂದೇ ರಾತ್ರಿ ಎಣಿಸಲಾಯಿತು. ಫುಟ್‌ಪಾತು, ಹ್ಯೂಮ್ ಪೈಪು, ಮೆಟ್ಟಿಲ ಕೆಳಗಿನ ಜಾಗ, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಜಗಲಿ ಎಲ್ಲವನ್ನೂ ಸೇರಿಸಿ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ ಜನ. ಅವರಲ್ಲಿ 9.38 ಲಕ್ಷ ಮಂದಿ ನಗರಗಳಲ್ಲಿದ್ದರು. ಒಂದು ರಾತ್ರಿಯ ಎಣಿಕೆಗೆ ಸಿಗದೆ ತಪ್ಪಿಸಿಕೊಂಡವರು, ಅದರಲ್ಲೂ ಭಯದಿಂದ ಮರೆಯಲ್ಲಿ ಮಲಗುವ ಹೆಂಗಸರು, ಇದರ ಹೊರಗೇ ಉಳಿದಿರುತ್ತಾರೆ. ದಾನಿ ಆರಿಸಿಕೊಳ್ಳುತ್ತಾನೆ. ಮಗುವನ್ನೆತ್ತಿಕೊಂಡ ತಾಯಿಗೆ ಕೊಡುತ್ತಾನೆ, ಕುಡಿದು ಬಿದ್ದವನನ್ನು ದಾಟಿ ಹೋಗುತ್ತಾನೆ, ಮಾನಸಿಕ ಕಾಯಿಲೆಯಿಂದ ಬಯ್ಯುವವನನ್ನು ಕಂಡರೆ ಹೆದರುತ್ತಾನೆ. ಇದು ಮನುಷ್ಯ ಸಹಜ, ಯಾರನ್ನೂ ದೂರಬೇಕಾಗಿಲ್ಲ. ಒಂದು ಊರಿನ ಸೂರಿಲ್ಲದವರೆಲ್ಲರ ಬದುಕನ್ನು ಈ ಸಹಜ ಆಯ್ಕೆಗೆ ಬಿಟ್ಟುಕೊಟ್ಟರೆ ಮಾತ್ರ ಅತಿ ಹೆಚ್ಚು ಸಹಾಯ ಬೇಕಾದವನೇ ಕೊನೆಗೆ ಉಳಿಯುತ್ತಾನೆ.

ಇದೇ ತಕರಾರು 2018ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬಹಿರಂಗವಾಗಿಯೇ ನಡೆಯಿತು. ದೊಡ್ಡ ಕಂಪನಿಗಳು ಪ್ರತಿ ನೌಕರನ ಲೆಕ್ಕದಲ್ಲಿ ವರ್ಷಕ್ಕೆ 275 ಡಾಲರ್ ತೆರಿಗೆ ಕೊಡಬೇಕು, ಆ ಹಣ ಕೈಗೆಟಕುವ ಮನೆಗಳಿಗೂ ವಸತಿಹೀನರ ಸೇವೆಗೂ ಹೋಗಬೇಕು ಎಂದು ನಗರಸಭೆ ಮೇ ತಿಂಗಳಲ್ಲಿ ಒಮ್ಮತದಿಂದ ಒಪ್ಪಿತು. ವರ್ಷಕ್ಕೆ ಸುಮಾರು 4.7 ಕೋಟಿ ಡಾಲರ್ ಬರುವ ಅಂದಾಜಿತ್ತು. ಅಮೆಜಾನ್ ತಾನು ಕಟ್ಟಬೇಕಿದ್ದ ಕಟ್ಟಡದ ಯೋಜನೆಯನ್ನೇ ತಡೆಹಿಡಿದಿತ್ತು. ಉದ್ಯಮಗಳ ವಿರೋಧ ಜೋರಾಗಿ, ಒಂದೇ ತಿಂಗಳಲ್ಲಿ, ಜೂನ್ 12ರಂದು, ಅದೇ ನಗರಸಭೆ ಅದೇ ತೆರಿಗೆಯನ್ನು ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 200 ಕೋಟಿ ಡಾಲರಿನ ದತ್ತಿನಿಧಿ ಘೋಷಿಸಿದರು: ಒಂದು ಪಾಲು ಮನೆಯಿಲ್ಲದ ಕುಟುಂಬಗಳಿಗೆ, ಇನ್ನೊಂದು ಪಾಲು ಬಡ ಮಕ್ಕಳ ಶಿಶುವಿಹಾರಗಳಿಗೆ. ಮೊತ್ತದಲ್ಲಿ ದಾನವೇ ದೊಡ್ಡದು, ಅನುಮಾನವಿಲ್ಲ. ಆದರೆ ಯಾರಿಗೆ, ಯಾವ ಊರಿಗೆ, ಯಾವಾಗ ಎಂಬುದನ್ನೆಲ್ಲ ನಿರ್ಧರಿಸುವ ಹಕ್ಕು ಕೊಡುವವರ ಬಳಿಯೇ ಉಳಿಯಿತು. ಸಿಯಾಟಲ್‌ನ ಬೀದಿಯಲ್ಲಿ ಮಲಗಿದ ಒಂಟಿ ಗಂಡಸಿಗೆ ಆ ನಿಧಿಯಲ್ಲಿ ಕೇಳಿ ಪಡೆಯುವ ಪಾಲಿಲ್ಲ. ತೆರಿಗೆ ಉಳಿದಿದ್ದರೆ ಅವನ ಪರವಾಗಿ ನಗರಸಭೆಯನ್ನು ಪ್ರಶ್ನಿಸಲಾದರೂ ಬರುತ್ತಿತ್ತು.

ಹಾಗಾದರೆ ತೆರಿಗೆಯೇ ಉತ್ತರವೇ? ಇಲ್ಲಿ ಬೆಂಗಳೂರಿನ ಸೆಸ್ಸಿಗೆ ಮರಳಬೇಕು.

ಆ ಶೇಕಡ 3ರ ಮೂಲ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಸೆಸ್ ವಸೂಲು ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕೊಡಬೇಕು, ಸಮಿತಿ ಆ ಹಣದಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸಬೇಕು. ಬೇರೆ ರಾಜ್ಯಗಳು ಬಜೆಟ್ಟಿನ ಮೂಲೆಯಲ್ಲಿ ಹುಡುಕಿ ಕೊಡುವ ಹಣಕ್ಕೆ ಕರ್ನಾಟಕ ಐವತ್ತು ವರ್ಷಗಳ ಹಿಂದೆಯೇ ಕಾಯಂ ಮೂಲ ಹುಡುಕಿತ್ತು. ಮನೆಯ ಮೇಲಿನ ತೆರಿಗೆಯಿಂದ ಮನೆಯಿಲ್ಲದವನಿಗೆ ಪಾಲು ತೆಗೆಯುವುದು ನ್ಯಾಯಕ್ಕೂ ಹೊಂದುತ್ತದೆ, ಲೆಕ್ಕಕ್ಕೂ ಹೊಂದುತ್ತದೆ. ನಗರ ಬೆಳೆದು ಆಸ್ತಿಯ ಬೆಲೆ ಏರಿದ್ದೇ ಎಷ್ಟೋ ಜನರಿಗೆ ಬಾಡಿಗೆ ಕೈಗೆಟಕದಂತಾಗಲು ಕಾರಣ. ಅದೇ ಆಸ್ತಿಯಿಂದ ಬರುವ ತೆರಿಗೆ ಬೆಳೆದಂತೆ ಈ ನಿಧಿಯೂ ಬೆಳೆಯುತ್ತದೆ. ವಸೂಲಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಕಲ್ಪಿಸುವುದು ಕಷ್ಟ.

ಕೆಡುವುದು ಖರ್ಚಿನಲ್ಲಿ. ಈ ಸೆಸ್ ಹುಟ್ಟಿರುವುದು ವಸತಿ ಕೊಡುವ ಕಾನೂನಿನ ಹೊಟ್ಟೆಯಲ್ಲಿ ಅಲ್ಲ, ಹಿಡಿದು ಹಾಕುವ ಕಾನೂನಿನ ಹೊಟ್ಟೆಯಲ್ಲಿ. ಬೇಡುವವನನ್ನು, ಜೀವನೋಪಾಯ ಕಾಣದೆ ಸಾರ್ವಜನಿಕ ಜಾಗದಲ್ಲಿ ಅಲೆಯುವವನನ್ನು ಹಿಡಿದು ತಂದು ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇರಿಸಲು ಅದು ಅವಕಾಶ ಕೊಡುತ್ತದೆ. ಮಾಗಡಿ ರಸ್ತೆಯ ಕೇಂದ್ರವನ್ನು ಜನ ಇವತ್ತಿಗೂ ಬೆಗ್ಗರ್ಸ್ ಕಾಲೊನಿ ಎಂದೇ ಕರೆಯುತ್ತಾರೆ. ಮಾರುಕಟ್ಟೆಯ ಕೂಲಿಯವನಿಗೆ ಆ ಹೆಸರು ಕೇಳಿದರೆ ಅಲ್ಲಿ ಊಟವಿದೆ, ಹಾಸಿಗೆಯಿದೆ ಎಂಬುದು ಹೊಳೆಯುವುದಿಲ್ಲ. ವ್ಯಾನು ಬಂದು ಎತ್ತಿಕೊಂಡು ಹೋದೀತು, ಊರಿನವರಿಗೆ ಗೊತ್ತೇ ಆಗದಂತೆ ತಿಂಗಳುಗಟ್ಟಲೆ ಒಳಗಿರಬೇಕಾದೀತು ಎಂಬ ಹೆದರಿಕೆ ಹುಟ್ಟುತ್ತದೆ. ಯಾರಿಗಾಗಿ ಹಣ ಕೂಡಿಸಲಾಯಿತೋ ಅವರೇ ಆ ಹಣದಿಂದ ನಡೆಯುವ ಜಾಗವನ್ನು ಕಂಡು ಓಡುತ್ತಾರೆ.

2010ರ ಆಗಸ್ಟ್‌ನಲ್ಲಿ ಆ ಹೆದರಿಕೆ ಸುಳ್ಳಲ್ಲ ಎಂದು ನಾಡಿಗೇ ಗೊತ್ತಾಯಿತು. ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಜನ ಸತ್ತರು. ಕಿಕ್ಕಿರಿದ ಕೊಠಡಿಗಳು, ಕೊಳಕು, ಹೊತ್ತಿಗೆ ಸಿಗದ ಚಿಕಿತ್ಸೆ ಒಂದೊಂದಾಗಿ ಹೊರಬಿದ್ದವು. ಪತ್ರಿಕೆಗಳು ಹಿಂದಿನ ತಿಂಗಳುಗಳ ಲೆಕ್ಕ ಕೆದಕಿದಾಗ ಸಾವು ಅಲ್ಲಿ ಹೊಸದೇನೂ ಆಗಿರಲಿಲ್ಲವೆಂದು ತಿಳಿಯಿತು. ಇದು ನಡೆದದ್ದು ಹಣದ ಮೂಲವೇ ಇಲ್ಲದ ಬಡ ಅನಾಥಾಲಯದಲ್ಲಲ್ಲ, ನಗರದ ಪ್ರತಿ ಮನೆಯಿಂದ ಪಾಲು ಬರಬೇಕಾದ ಕೇಂದ್ರದಲ್ಲಿ. ಬರಬೇಕಾದ ಎಂದದ್ದಕ್ಕೆ ಕಾರಣವಿದೆ: ಪಾಲಿಕೆ ಮನೆ ಮಾಲೀಕರಿಂದ ವಸೂಲು ಮಾಡಿದ ಸೆಸ್ಸನ್ನು ಸಮಿತಿಗೆ ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ವರ್ಷ ವರ್ಷವೂ ಬಂದಿದೆ. ದಾನದ ಸಂಸ್ಥೆಯೊಂದು ಕಂಬಳಿಗೆಂದು ಪಡೆದ ದುಡ್ಡನ್ನು ರಸ್ತೆಗುಂಡಿಗೆ ಹಾಕಿದರೆ ಅದಕ್ಕೆ ಮುಂದಿನ ವರ್ಷ ಯಾರೂ ಕೊಡುವುದಿಲ್ಲ. ಪಾಲಿಕೆಗೆ ಮುಂದಿನ ಏಪ್ರಿಲ್‌ನಲ್ಲೂ ಹಣ ಬಂದೇ ಬರುತ್ತದೆ. ತೆರಿಗೆಯ ಬಲವೂ ದೋಷವೂ ಒಂದೇ ಕಡೆ ಇದೆ.

ಈ ಗಂಟು ಬಿಡಿಸಲು ಕನ್ನಡ ನಾಡಿನಲ್ಲೇ ಹಳೆಯ ಮಾದರಿಯೊಂದಿದೆ. ಶಿಕಾರಿಪುರದ ಹತ್ತಿರದ ಬಳ್ಳಿಗಾವೆಯ ಕೋಡಿಯ ಮಠದ ಬಗ್ಗೆ 1162ರ ಶಾಸನ ಹೇಳುವುದನ್ನು ಇತಿಹಾಸಕಾರರು ಮತ್ತೆ ಮತ್ತೆ ನೆನೆಯುತ್ತಾರೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು. ನಡೆಸುತ್ತಿದ್ದವರು ಮಠದವರು. ಖರ್ಚಿಗೆ ಆಧಾರ ಅರಸರು ಬಿಟ್ಟ ದತ್ತಿ, ಅಂದರೆ ಬೊಕ್ಕಸಕ್ಕೆ ಸಲ್ಲಬೇಕಿದ್ದ ಊರಿನ ಹುಟ್ಟುವಳಿ. ಸುಂಕವನ್ನೇ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಶಾಸನಗಳು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟಿವೆ. ಅರಸನ ಕಂದಾಯ, ಮಠದ ಕೈ. ಬಂದವನ ಯೋಗ್ಯತೆ ಅಳೆಯುವ ಮಾತು ಆ ಪಟ್ಟಿಯಲ್ಲಿಲ್ಲ, ಅವನ ಕಷ್ಟದ ಹೆಸರು ಮಾತ್ರ ಇದೆ. ಎಂಟೂವರೆ ಶತಮಾನ ದಾಟಿದ ಮೇಲೂ ಅದು ಮನಸ್ಸನ್ನು ತಟ್ಟುತ್ತದೆ.

ಇಂದಿನ ಕಾನೂನು ತಡವಾಗಿಯಾದರೂ ಆ ಕಡೆಗೇ ತಿರುಗಿದೆ. 2010ರ ಜನವರಿಯ ಚಳಿಯಲ್ಲಿ ದೆಹಲಿಯ ಬೀದಿಗಳಲ್ಲಿ ಜನ ಸಾಯುತ್ತಿದ್ದುದು ಸುಪ್ರೀಂ ಕೋರ್ಟಿನ ಮುಂದೆ ಬಂತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲೇ ಕೋರ್ಟು ನಗರಗಳಲ್ಲಿ ಆಶ್ರಯ ತಾಣಗಳನ್ನು ತೆರೆಯಲು ಆದೇಶಿಸಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನು ಯೋಜನೆಯಾಗಿಸಿತು: ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗಬಲ್ಲ ಒಂದು ತಾಣ, ತಲೆಗೆ 50 ಚದರಡಿ, ವರ್ಷಪೂರ್ತಿ ಹಗಲೂ ರಾತ್ರಿಯೂ ತೆರೆದ ಬಾಗಿಲು. ಹಣ ಕೇಂದ್ರ ಮತ್ತು ರಾಜ್ಯದ್ದಾಗಿತ್ತು. ನಡೆಸುವ ಕೆಲಸವನ್ನು ಸ್ವಯಂಸೇವಾ ಸಂಸ್ಥೆಗಳಿಗೂ ಒಪ್ಪಿಸಬಹುದಿತ್ತು. ಅಲ್ಲಿಗೆ ಬರುವುದು, ಬಿಡುವುದು ಬಂದವನ ಇಷ್ಟ. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಭಿಕ್ಷಾಟನೆಯನ್ನು ಅಪರಾಧವೆನ್ನುವ ಕಲಮುಗಳನ್ನು ತನ್ನ ವ್ಯಾಪ್ತಿಯಲ್ಲಿ ರದ್ದುಗೊಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಬೇಡುವುದು ಬಡತನದಿಂದ ಹುಟ್ಟಿದ ಸಮಸ್ಯೆ, ನಿಷೇಧದಿಂದ ತೀರುವಂಥದಲ್ಲ ಎಂಬ ನಿಲುವು ತಳೆಯಿತು.

ಅಂದರೆ ಕರ್ನಾಟಕದಲ್ಲಿ ಈಗ ಒಂದು ವಿಚಿತ್ರ ಸ್ಥಿತಿ. ಕಾಯಂ ಹಣವಿರುವುದು ಹಳೆಯ, ಹಿಡಿದು ಹಾಕುವ ಏರ್ಪಾಡಿನ ಬಳಿ. ಸರಿಯಾದ ಕಲ್ಪನೆಯಿರುವುದು ಹೊಸ, ಅನುದಾನಕ್ಕೆ ಕಾಯುವ ತಾಣಗಳ ಬಳಿ. 2011ರಲ್ಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ಮೀರಿತ್ತು, ಆ ಲೆಕ್ಕಕ್ಕೇ 84 ತಾಣಗಳು ಬೇಕಿದ್ದವು. ನಗರ ಆ ಸಂಖ್ಯೆಯನ್ನು ಮುಟ್ಟಿಲ್ಲ. ಇರುವವುಗಳ ಮೇಲ್ವಿಚಾರಕರು ಅನುದಾನ ತಡವಾದಾಗ ಅಕ್ಕಿಗೆ ಹತ್ತಿರದ ದಾನಿಗಳನ್ನೇ ಕೇಳಬೇಕಾಗುತ್ತದೆ.

ತೆರಿಗೆಯ ಹಣ ಮರ್ಯಾದೆಯಿಂದ ಬಡವನ ತಟ್ಟೆ ಮುಟ್ಟಬಹುದು ಎಂಬುದಕ್ಕೆ ಇದೇ ನಗರದಲ್ಲಿ ಸಾಕ್ಷಿಯಿದೆ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಾಗ ಸಾಲಿನಲ್ಲಿ ನಿಂತವನ ಹೆಸರನ್ನಾಗಲಿ ಊರನ್ನಾಗಲಿ ಯಾರೂ ಕೇಳಲಿಲ್ಲ. ಅವನು ಟೋಕನ್ ಕೊಂಡ, ತಟ್ಟೆ ಹಿಡಿದ, ಉಂಡ. ಫೋಟೋಗೆ ನಿಲ್ಲಬೇಕಾಗಲಿಲ್ಲ, ಯಾರ ಕಾಲಿಗೂ ಬೀಳಬೇಕಾಗಲಿಲ್ಲ. ಗುಣಮಟ್ಟದ ಬಗ್ಗೆ, ಬಾಕಿ ಬಿಲ್ಲುಗಳ ಬಗ್ಗೆ ದೂರುಗಳಿವೆ, ಅವು ನಿಜವೂ ಹೌದು. ಆದರೂ ಕೂಲಿಯವನು ಅಲ್ಲಿಗೆ ತಾನಾಗಿ ನಡೆದು ಬರುತ್ತಾನೆ.

ಸೆಸ್ಸನ್ನು ಉಳಿಸಿಕೊಳ್ಳಬೇಕು, ಅದನ್ನು ಹೊತ್ತಿರುವ ಕಾಯ್ದೆಯನ್ನು ಕಳಚಬೇಕು. ಹಾಗೆ ಮಾಡಿದರೆ ಅದೇ ಶೇಕಡ 3 ರಾತ್ರಿ ವಸತಿ ತಾಣಗಳ ಬಾಡಿಗೆಗೆ, ಹೆಂಗಸರಿಗೆ ಬೇರೆ ತಾಣಕ್ಕೆ, ಬೀಗದ ಪೆಟ್ಟಿಗೆಗೆ, ಮಾನಸಿಕ ಆರೋಗ್ಯದ ವೈದ್ಯರ ವಾರದ ಭೇಟಿಗೆ ಹೋಗಬಹುದು. ದಾನಿಗಳಿಗೂ ಆಗ ತಕ್ಕ ಕೆಲಸವಿರುತ್ತದೆ: ತಾಣಕ್ಕೆ ಬರಲು ಒಪ್ಪದವನ ಪಕ್ಕದಲ್ಲಿ ಕೂತು ಮಾತನಾಡುವುದು, ಕಳೆದುಹೋದ ಕಾರ್ಡು ಮತ್ತೆ ಮಾಡಿಸಿಕೊಡುವುದು, ಮಗನ ಫೋನ್ ನಂಬರು ಹುಡುಕಿಕೊಡುವುದು. ಇಂಥ ಕೆಲಸ ಸಂಬಳಕ್ಕೆ ಬಂದವರಿಗಿಂತ ಮನಸ್ಸಿಟ್ಟು ಬಂದವರಿಗೆ ಚೆನ್ನಾಗಿ ಒಲಿಯುತ್ತದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು ಬಂದಿವೆ. ಆಸ್ತಿ ತೆರಿಗೆಯನ್ನು ಇನ್ನು ಅವೇ ವಸೂಲು ಮಾಡುತ್ತವೆ. ಪ್ರತಿ ಪಾಲಿಕೆಯ ಬಜೆಟ್ ಪುಸ್ತಕದಲ್ಲಿ ಒಂದು ಪುಟ ಸಾಕು: ಸೆಸ್ ಎಷ್ಟು ಬಂತು, ಎಷ್ಟು ದಾಟಿಸಿದೆವು, ಎಷ್ಟು ತಾಣಗಳಲ್ಲಿ ನಿನ್ನೆ ರಾತ್ರಿ ಎಷ್ಟು ಜನ ಮಲಗಿದ್ದರು. ಮುಂದಿನ ಏಪ್ರಿಲ್‌ನಲ್ಲಿ ರಸೀದಿ ಹಿಡಿದ ಮಾಲೀಕ ತನ್ನ 180 ರೂಪಾಯಿ ಎಲ್ಲಿಗೆ ಹೋಯಿತೆಂದು ಆ ಪುಟ ತೆರೆದು ನೋಡಲಿ.