ಹಸಿ ತಪ್ಪಲು, ಮಾಗಿದ ತಿಪ್ಪೆ

ಕೊಪ್ಪಳದ ಯಾವುದಾದರೂ ಖಾನಾವಳಿಯಲ್ಲಿ ಕುಳಿತು ನೋಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು ಒಂದೊಂದಾಗಿ ಬರುತ್ತವೆ. ಅವುಗಳ ಜೊತೆಗೆ, ಕೇಳದಿದ್ದರೂ, ಒಂದು ಹಿಡಿ ಹಸಿ ತಪ್ಪಲು ಬಂದು ತಾಟಿನ ಅಂಚಿನಲ್ಲಿ ಕೂರುತ್ತದೆ. ಎಳೆ ಮೆಂತೆ, ಉಳ್ಳಾಗಡ್ಡಿ ತಪ್ಪಲು, ಒಮ್ಮೊಮ್ಮೆ ಮೂಲಂಗಿ, ಪುಣ್ಯವಿದ್ದರೆ ಹಕ್ಕರಕಿ. ಬೇಯಿಸಿದ್ದಲ್ಲ, ಒಗ್ಗರಣೆ ಕಂಡದ್ದೂ ಅಲ್ಲ. ಮೈಸೂರು ಕಡೆಯವರು ಸೊಪ್ಪನ್ನು ಬಸ್ಸಾರು ಮಾಡಿ, ಮಸ್ಸೊಪ್ಪು ಮಾಡಿ ಉಣ್ಣುತ್ತಾರೆ. ಇಲ್ಲಿ ಬೇರಿನ ಮಣ್ಣು ತೊಳೆದರೆ ಅಡಿಗೆ ಮುಗಿಯಿತು.

ಈ ತಪ್ಪಲುಗಳಲ್ಲಿ ನನ್ನ ಪಾಲಿಗೆ ಹಿರಿಯದು ಮೆಂತೆ. ರೊಟ್ಟಿಯ ತುಣುಕಿಗೆ ಹಿಂಡಿ ಹಚ್ಚಿಕೊಂಡು, ನಾಲ್ಕು ಎಳೆ ಮೆಂತೆ ಸೇರಿಸಿ ಬಾಯಿಗಿಟ್ಟರೆ ಮೊದಲು ಸಿಗುವುದು ಶೇಂಗಾದ ಜಿಡ್ಡು, ಆಮೇಲೆ ಖಾರ, ಕಹಿ ಬರುವುದು ಕಟ್ಟಕಡೆಗೆ. ಆ ಕಹಿ ಅವಸರ ಮಾಡುವುದಿಲ್ಲ. ನಾಲಿಗೆಯ ಹಿಂಬದಿಗೆ ಹೋಗಿ ನಿಂತುಕೊಂಡು, ಮೊಸರು ಬಿದ್ದ ಮೇಲಷ್ಟೇ ಮೆತ್ತಗಾಗುತ್ತದೆ. ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಗುರೆಳ್ಳ ಪುಡಿ, ಒಂದಿಷ್ಟು ಹಸಿ ಎಣ್ಣೆ ಬೆರೆಸಿ ಪಚಡಿ ಮಾಡಿದರೆ ಕಹಿಗೆ ಇನ್ನೊಂದು ನಯ ಬರುತ್ತದೆ. ಹಕ್ಕರಕಿಯದು ಬೇರೆಯೇ ಗುಣ. ಯಾರೂ ಬಿತ್ತದೆ ಹೊಲದಲ್ಲಿ ತಾನಾಗಿ ಹುಟ್ಟಿ ನೆಲಕ್ಕಂಟಿ ಹರಡುವ ಎಲೆ ಅದು. ಮುರಿದರೆ ಹಾಲು ಜಿನುಗುತ್ತದೆ. ಹಕ್ಕರಕಿಯನ್ನು ಬೇಯಿಸುವುದು ಅದಕ್ಕೆ ಮಾಡುವ ಅವಮಾನ ಎಂದು ನನ್ನ ಖಚಿತ ಅಭಿಪ್ರಾಯ.

ಎಳ್ಳಮಾಸಿಯ ಹೊತ್ತಿಗೆ ಯಲಬುರ್ಗಾದ ಎರೆ ಹೊಲಗಳಲ್ಲಿ ಕಡಲೆ ಮೊಣಕಾಲಿನ ಕೆಳಗಿರುತ್ತದೆ. ಚರಗ ಚೆಲ್ಲಿ, ಬದುವಿನ ಮೇಲೆ ಬುತ್ತಿ ಬಿಚ್ಚಿದವರು ಕುಳಿತಲ್ಲಿಂದಲೇ ಕೈ ಚಾಚಿ ಕುಡಿ ಚಿವುಟುತ್ತಾರೆ. ಚಿವುಟಿದಷ್ಟೂ ಗಿಡ ಕವಲೊಡೆಯುವುದರಿಂದ ಹೊಲದ ಯಜಮಾನನಿಗೂ ಬೇಸರವಿಲ್ಲ. ಕಡಲೆ ತಪ್ಪಲಿನ ಹುಳಿ ಎಲೆಯ ಒಳಗಿನದಲ್ಲ. ಎಲೆಯ ಮೇಲಿನ ಸಣ್ಣ ರೋಮಗಳು ಜಿನುಗಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳದ್ದು. ಹಿಂದಿನವರು ರಾತ್ರಿ ಕಡಲೆ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಗಿನ ಇಬ್ಬನಿಯಲ್ಲಿ ತೊಯ್ದ ಬಟ್ಟೆಯನ್ನು ಹಿಂಡಿ ಈ ಹುಳಿ ಸಂಗ್ರಹಿಸಿ ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಿದ್ದರು. ತೊಳೆದರೆ ಹುಳಿ ಹೋಗುತ್ತದೆ ಎಂದು ಕಡಲೆ ಕುಡಿಯನ್ನು ತೊಳೆಯದೆ ತಿನ್ನುವವರೇ ಹೆಚ್ಚು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪುಂಡಿಪಲ್ಲೆ ಮಾತ್ರ ಒಲೆ ಕಾಣಲೇಬೇಕು. ಜೋಳದ ನುಚ್ಚು, ತೊಗರಿಬೇಳೆ ಹಾಕಿ ಕುದಿಸಿ, ಮಸೆದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅದು ಈ ಸೀಮೆಯ ಊಟಕ್ಕೆ ಅರಸು. ಮರುದಿನದ ತಂಗಳು ಪುಂಡಿಪಲ್ಲೆಗೆ ಮೊದಲ ದಿನಕ್ಕಿಂತ ರುಚಿ ಹೆಚ್ಚು.

ಇಷ್ಟೆಲ್ಲ ರುಚಿ ಬರುವುದು ಎಲ್ಲಿಂದ? ಬೀಜದಿಂದ, ಬಿಸಿಲಿನಿಂದ, ಮಣ್ಣಿನಿಂದ. ಜೊತೆಗೆ ತಿಪ್ಪೆಯಿಂದ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಒಳಗೇ. ಕುಷ್ಟಗಿ, ಯಲಬುರ್ಗಾ ಕಡೆ ನೀರಿಲ್ಲದ ನೆಲಕ್ಕೆ ಹಸಿ ಹಿಡಿದಿಡುವುದು ಗೊಬ್ಬರವೇ. ಅದಕ್ಕೇ ಇರಬೇಕು, ಬಲಿಪಾಡ್ಯಮಿಯಂದು ಸಗಣಿಯ ಪಾಂಡವರನ್ನು ಮಾಡಿ ಹೂ ಮುಡಿಸುವ ಮನೆಗಳಲ್ಲಿ ತಿಪ್ಪೆಗೂ ಒಂದು ದೀಪ ಇಡುವ ರೂಢಿ ಉಳಿದಿದೆ.

ಚೆನ್ನಾಗಿ ಮಾಗಿದ ತಿಪ್ಪೆಯನ್ನು ಅಗೆಯುವುದನ್ನು ನಿಂತು ನೋಡಬೇಕು. ಮೇಲೆ ಒಣ ಕಸ, ಬೂದಿ, ಜೋಳದ ಕಣಿಕೆ. ಗುದ್ದಲಿ ಇಳಿದಂತೆ ಬಣ್ಣ ಗಾಢವಾಗುತ್ತ ತಳದಲ್ಲಿ ಕಪ್ಪು. ಆ ತಳದ ಗೊಬ್ಬರ ಕೈಗೆ ಅಂಟುವುದಿಲ್ಲ, ಹಿಡಿದರೆ ಉಂಡೆಯಾಗಿ ಒತ್ತಿದರೆ ಉದುರುತ್ತದೆ. ಸಗಣಿಯ ವಾಸನೆ ಪೂರ್ತಿ ಹೋಗಿ ಮೊದಲ ಮಳೆಗೆ ನೆನೆದ ನೆಲದ ವಾಸನೆ ಬಂದಿರುತ್ತದೆ. ಕಣಿಕೆ ಯಾವುದು, ಸಗಣಿ ಯಾವುದು ಎಂದು ಗುರುತು ಸಿಗಬಾರದು. ಗುರುತು ಸಿಕ್ಕರೆ, ದಪ್ಪ ಬಿಳಿ ಗೊಣ್ಣೆಹುಳು ಹೊರಳಾಡುತ್ತಿದ್ದರೆ, ಅದು ಇನ್ನೂ ಕಳಿತಿಲ್ಲ ಎಂದರ್ಥ. ಮೆಂತೆ ಮಡಿಗೆ ಅದು ಸಲ್ಲದು.

ಇನ್ನು ಲೆಕ್ಕ. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಸಾರಜನಕ ಶೇ 46, ಅಂದರೆ ಸುಮಾರು 20 ಕೆ.ಜಿ. ಕೊಟ್ಟಿಗೆ ಗೊಬ್ಬರದಲ್ಲಿ ಅದು ಶೇ 0.5ರಷ್ಟು ಮಾತ್ರ. ಒಂದು ಚೀಲದ ಸಾರಜನಕಕ್ಕೆ ನಾಲ್ಕು ಟನ್ ಗೊಬ್ಬರ ಹೇರಬೇಕು. ಹೇರಿದ ಮೇಲೂ ಮೊದಲ ಹಂಗಾಮಿನಲ್ಲಿ ಬೆಳೆಗೆ ಸಿಗುವುದು ಅದರ ಒಂದು ಪಾಲಷ್ಟೇ. ಯೂರಿಯಾ ಕಂಡ ಪಾಲಕ ನಾಲ್ಕೇ ದಿನಕ್ಕೆ ಕಡುಹಸಿರಾಗಿ, ಅಗಲವಾಗಿ, ನೀರು ತುಂಬಿಕೊಂಡು ನಿಲ್ಲುವುದು ಚೀಲದ ಸಾರಜನಕ ಒಟ್ಟಿಗೇ, ಕೂಡಲೇ ಸಿಗುವುದರಿಂದ. ಗಿಡ ಹೀರಿದ ನೈಟ್ರೇಟನ್ನು ಪ್ರೋಟೀನಾಗಿ ಪರಿವರ್ತಿಸಲು ಬಿಸಿಲೂ ಹೊತ್ತೂ ಬೇಕು. ಸಾರಜನಕ ಒಮ್ಮೆಲೇ ಸುರಿದರೆ ಪರಿವರ್ತನೆಯಾಗದ ನೈಟ್ರೇಟ್ ಎಲೆಯಲ್ಲೇ ಉಳಿಯುತ್ತದೆ. ಮುಂಜಾನೆ ಕಿತ್ತ ಸೊಪ್ಪಿಗಿಂತ ದಿನವಿಡೀ ಬಿಸಿಲುಂಡು ಸಂಜೆ ಕಿತ್ತ ಸೊಪ್ಪಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಕಡಿಮೆ ಇರುವುದಕ್ಕೂ ಇದೇ ಕಾರಣ. ಮಾಗಿದ ಗೊಬ್ಬರ ಸಾರಜನಕವನ್ನು ತಡೆದು ತಡೆದು ಕೊಡುತ್ತದೆ. ಎಲೆ ಸಣ್ಣದಾಗುತ್ತದೆ, ನೀರು ಕಡಿಮೆಯಾಗುತ್ತದೆ, ಕಹಿ ಹುಳಿ ಖಾರ ಎಲ್ಲ ಒತ್ತಾಗುತ್ತವೆ.

ಹಾಗಾದರೆ ಸತ್ವವೂ ಹೆಚ್ಚೇ? ಇಲ್ಲಿ ತಿಪ್ಪೆಯ ಪಕ್ಷಪಾತಿಯಾದ ನಾನೂ ಸ್ವಲ್ಪ ತಡೆದು ಮಾತಾಡಬೇಕು. 2009ರಲ್ಲಿ ಲಂಡನ್ನಿನ ಸಂಶೋಧಕರು ಐವತ್ತು ವರ್ಷಗಳ ಪ್ರಬಂಧಗಳನ್ನು ಜಾಲಾಡಿ, ಸಾವಯವ ಬೆಳೆಗೂ ಉಳಿದದ್ದಕ್ಕೂ ಪೋಷಕಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದರು. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 343 ಪ್ರಬಂಧಗಳನ್ನು ಒಟ್ಟುಗೂಡಿಸಿ, ಸಾವಯವ ಬೆಳೆಯಲ್ಲಿ ಪಾಲಿಫೀನಾಲುಗಳು ಹೆಚ್ಚು, ಕ್ಯಾಡ್ಮಿಯಂ ಸರಾಸರಿ ಶೇ 48ರಷ್ಟು ಕಡಿಮೆ ಎಂದಿತು. ಎರಡನ್ನೂ ಓದಿ ನಾನು ತಲುಪಿದ್ದು ಇಷ್ಟು: ತಿಪ್ಪೆ ಗೊಬ್ಬರ ಹಾಕಿದರೆ ರಾಜಗಿರಿಯಲ್ಲಿ ಕಬ್ಬಿಣ ದುಪ್ಪಟ್ಟಾಗುವುದಿಲ್ಲ. ಎಲೆಯಲ್ಲಿ ಕಬ್ಬಿಣ, ಸುಣ್ಣ ಎಷ್ಟಿರಬೇಕೆಂಬುದನ್ನು ಹೆಚ್ಚಾಗಿ ಗಿಡದ ಜಾತಿ ಮತ್ತು ನೆಲ ತೀರ್ಮಾನಿಸುತ್ತವೆ. ಗೊಬ್ಬರದ ಕೈವಾಡವಿರುವುದು ನೀರು, ನೈಟ್ರೇಟ್, ಕಹಿ ಕೊಡುವ ಅಂಶಗಳು, ಕೆಲವೊಮ್ಮೆ ಸಿ ಜೀವಸತ್ವದಲ್ಲಿ. ರುಚಿಯೂ ಬಹುಪಾಲು ಅಲ್ಲೇ ಇರುವುದರಿಂದ ನಾಲಿಗೆ ತಿಪ್ಪೆಯ ಪರವಾಗಿ ಸಾಕ್ಷಿ ಹೇಳುವುದು ಸುಳ್ಳಲ್ಲ.

ಈಗ ತೊಳೆಯದ ಕಡಲೆ ಕುಡಿಯ ಮಾತು. ಹಸಿಯಾಗಿ ತಿನ್ನುವ ಜನಕ್ಕೆ ಹಸಿ ಸಗಣಿ ಅಪಾಯ. 2006ರಲ್ಲಿ ಅಮೆರಿಕದಲ್ಲಿ ಚೀಲದಲ್ಲಿ ಮಾರಿದ ಹಸಿ ಪಾಲಕ ತಿಂದು ಇನ್ನೂರರಷ್ಟು ಜನ ಕಾಯಿಲೆ ಬಿದ್ದರು, ಕೆಲವರು ತೀರಿಕೊಂಡರು. ಕಾರಣ ಇ. ಕೋಲಿಯ ಒಂದು ತಳಿ. ದನದ ಕರುಳಿನಲ್ಲಿ ದನಕ್ಕೇನೂ ಮಾಡದೆ ಬದುಕುವಂಥದ್ದು. ಅಲ್ಲಿನ ಸಾವಯವ ನಿಯಮದ ಪ್ರಕಾರ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನ ಮೊದಲೇ ಹಾಕಿ ಮಣ್ಣಲ್ಲಿ ಬೆರೆಸಿರಬೇಕು. ನಮ್ಮ ಮೆಂತೆ ಒಂದು ತಿಂಗಳಿಗೇ ಕೈಗೆ ಬರುತ್ತದೆ. ಅಂದಮೇಲೆ ಮೆಂತೆಗೆ ಹಸಿ ಗೊಬ್ಬರ ಬೇಡವೇ ಬೇಡ ಎಂದಾಯಿತು. ಕುರಿ ನಿಲ್ಲಿಸಿದ ಹೊಲದಲ್ಲಿಯೂ ಅಷ್ಟೇ: ಮೊದಲು ಜೋಳ ಉಣ್ಣಲಿ, ಸೊಪ್ಪಿನ ಸರದಿ ಆಮೇಲೆ.

ಊರ ತಿಪ್ಪೆಯ ದೋಷವೂ ಇಲ್ಲೇ ಇದೆ. ದಿನವೂ ಮೇಲೆ ಸುರಿಯುತ್ತ ಹೋಗುವುದರಿಂದ ತಳ ಮಾಗಿದ್ದರೂ ನೆತ್ತಿ ಹಸಿ. ರೋಗಾಣು ಸಾಯಲು ರಾಶಿಯೊಳಗೆ 55 ಡಿಗ್ರಿಗಿಂತ ಹೆಚ್ಚಿನ ಕಾವು ಕೆಲವು ದಿನ ನಿಲ್ಲಬೇಕು, ರಾಶಿ ತಿರುವಿ ಹಾಕಿ ಹೊರಗಿನದನ್ನು ಒಳಗೆ ತರಬೇಕು; ಇಲ್ಲವೇ ಹೊಸದನ್ನು ಸುರಿಯದೆ ಬಹುಕಾಲ ಮಾಗಲು ಬಿಡಬೇಕು. ಆಲ್ಬರ್ಟ್ ಹೊವಾರ್ಡ್ 1931ರಲ್ಲಿ ಬರೆದಿಟ್ಟ ಇಂದೋರ್ ಪದ್ಧತಿ ಹೀಗೆ ತಿರುವುವುದು. ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ತಿರುವುವ ಕೆಲಸವಿಲ್ಲ; ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಆರೆಂಟು ತಿಂಗಳು ಬಿಟ್ಟುಬಿಡುವುದು. ನೀರೂ ಆಳೂ ಕಡಿಮೆಯಿರುವ ಕುಷ್ಟಗಿಗೆ ಎರಡನೆಯದು ಹೊಂದುತ್ತದೆ. ಗುಂಡಿ ಎರಡಿರಲಿ: ಒಂದು ಈ ವರ್ಷ ತುಂಬಲು, ಇನ್ನೊಂದು ಹೋದ ವರ್ಷ ತುಂಬಿದ್ದನ್ನು ತೆಗೆಯಲು.

ಗಂಗಾವತಿಯ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಭತ್ತವೇ ಭತ್ತ, ಯೂರಿಯಾವೇ ಯೂರಿಯಾ, ಕೆಲವೆಡೆ ಸವಳು. ಕೊಟ್ಟಿಗೆಗಳು ಖಾಲಿ. ಗದ್ದೆಯಲ್ಲಿ ಹುಲ್ಲಿಗೆ ಬೆಂಕಿ ಇಡುವ ಕೈಗಳು ಅದನ್ನೇ ಗುಂಡಿಗೆ ಹಾಕಿದರೆ ಬದುವಿನ ಮೇಲಿನ ಕೊತ್ತಂಬರಿಗೆ ಬೇರೆ ಗೊಬ್ಬರ ಬೇಕಿಲ್ಲ.

ಪಟ್ಟಣದ ಕಸದ ಗೊಬ್ಬರ ಕೊಳ್ಳುವವರು ಚೀಲದ ಮೇಲಿನದನ್ನು ಓದಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಅದರಲ್ಲಿ ಸೀಸ ಕೆ.ಜಿ.ಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಗಾಜಿನ ಚೂರು, ಬ್ಯಾಟರಿ ಬೆರೆತ ಕಸ ಎಷ್ಟು ಕಪ್ಪಗಿದ್ದರೂ ಗೊಬ್ಬರವಲ್ಲ. ಗೊಬ್ಬರ ಎಷ್ಟೇ ಶುದ್ಧವಿದ್ದರೂ ಮೇಲಿನಿಂದ ಬೀಳುವುದಕ್ಕೆ ಮದ್ದಿಲ್ಲ: ಗಿಣಿಗೇರಿ, ಹಿರೇಬಗನಾಳದ ಸುತ್ತ ಕಾರ್ಖಾನೆಯ ಕರಿ ಧೂಳು ಬೆಳೆಯ ಮೇಲೆ ಕೂರುತ್ತದೆಂಬುದು ರೈತರ ಹಳೆಯ ದೂರು. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆಯ ವಿರುದ್ಧ ಕೊಪ್ಪಳ ಬಂದ್ ಆದಾಗ ಗವಿಮಠದ ಸ್ವಾಮೀಜಿಯೂ ಬೀದಿಗಿಳಿದಿದ್ದರು. ಅಗಲ ಎಲೆಯ ಸೊಪ್ಪು ಧೂಳನ್ನು ಎಲ್ಲಕ್ಕಿಂತ ಮೊದಲು ಹಿಡಿಯುತ್ತದೆ. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯುವುದೊಂದೇ ಮನೆಯವರ ಕೈಯಲ್ಲಿರುವ ದಾರಿ. ಕಡಲೆ ಕುಡಿಯ ಹುಳಿ ಸ್ವಲ್ಪ ಹೋದರೂ ಚಿಂತೆಯಿಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ. ಸಂತೆಯಲ್ಲಿ ಸಿವುಡಿನ ದರ ಕೇಳುವ ಮುಂಚೆ, ಮಾರುವ ಅಜ್ಜಿಯನ್ನು "ಯವ್ವಾ, ಈ ಮಡಿಗೆ ಎಂಥಾ ಗೊಬ್ಬರ ಹಾಕೀರಿ, ಯಾವಾಗ ಹಾಕೀರಿ?" ಎಂದು ಕೇಳಿ. ಹೋದ ವರ್ಷದ ತಿಪ್ಪೆ ಎಂದರೆ ಎರಡು ಸಿವುಡು ಹೆಚ್ಚಿಗೆ ಕೊಳ್ಳಿ, ಚೌಕಾಸಿ ಮಾಡಬೇಡಿ.