ಪೋಪೋ, ನಾನಾ ಮತ್ತು ಎಂಟನೆಯ ಸ್ಥಾನ

ತಾಳಮದ್ದಳೆಯ ಬಗ್ಗೆಯೋ ಕಯ್ಯಾರರ ಕಾವ್ಯದ ಬಗ್ಗೆಯೋ ಬರೆಯಬೇಕಾದ ನಾನು ಈ ಸಲ ಒಂದು ವಿಡಿಯೋ ಗೇಮಿನ ಬಗ್ಗೆ ಬರೆಯುತ್ತಿದ್ದೇನೆ. ವಾಚನಾಲಯದ ಹಿರಿಯರು ಬೇಸರ ಮಾಡಬಾರದು. ನಿವೃತ್ತನಾದ ಮೇಲೂ ನನ್ನ ಮೇಷ್ಟ್ರ ಬುದ್ಧಿ ಹೋಗಿಲ್ಲ. ಎಲ್ಲಾದರೂ ಯಾರಾದರೂ ಯಾರಿಗಾದರೂ ಅಂಕ ಕೊಟ್ಟಿದ್ದಾರೆ ಎಂದರೆ ಆ ಅಂಕ ಸರಿಯುಂಟಾ ಎಂದು ನೋಡದೆ ಇರಲು ನನಗೆ ಆಗುವುದಿಲ್ಲ. ಇಲ್ಲಿಯೂ ಆದದ್ದು ಅದೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಳಿಯ, ಅಂದರೆ ತಂಗಿಯ ಮಗ, ದೀಪಾವಳಿಗೆ ಊರಿಗೆ ಬಂದಿದ್ದ. ಮಳೆ ಬಿಟ್ಟಿರಲಿಲ್ಲ, ಅಡಿಕೆ ಅಂಗಳದಿಂದ ಒಳಗೆ ಬಂದಿತ್ತು, ಮಾಡಲು ಕೆಲಸ ಇರಲಿಲ್ಲ. ಜಗಲಿಯಲ್ಲಿ ಕಂಪ್ಯೂಟರು ಇಟ್ಟುಕೊಂಡು ಆಡುತ್ತಿದ್ದವನ ಮುಖ ಸಪ್ಪೆಯಾಗಿತ್ತು. "ಎಂತ ಮಾರಾಯ?" ಎಂದು ಕೇಳಿದೆ. "ಮಾವ, ನಾನು ಎರಡು ವರ್ಷ ಕಲಿತ ವಿದ್ಯೆಯನ್ನು ನಮ್ಮ ಗೆಳೆಯರ ಕೂಟದವರು ಇನ್ನು ಬೇಡ ಎಂದರು. ದೊಡ್ಡ ಟೂರ್ನಮೆಂಟುಗಳ ನಿಯಮವನ್ನೇ ನಾವೂ ಪಾಲಿಸುವುದು ಎಂದರು. ಇನ್ನು ನನ್ನ ಜೋಡಿಗೆ ಬೆಲೆಯೇ ಇಲ್ಲ" ಎಂದ. ಆ ಜೋಡಿಯ ಬೆಲೆ ಎಷ್ಟು ಎಂಬುದೇ ಈ ಲೇಖನದ ವಿಷಯ.

ಆಟದ ಹೆಸರು ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ. ಜಪಾನಿನ ನಿಂಟೆಂಡೊ ಕಂಪೆನಿ 2001ರಲ್ಲಿ ಗೇಮ್‌ಕ್ಯೂಬ್ ಎಂಬ ಯಂತ್ರಕ್ಕೆ ಹೊರತಂದದ್ದು. ಇದನ್ನು ರೂಪಿಸಿದವರ ಮುಖ್ಯಸ್ಥ ಮಸಾಹಿರೊ ಸಕುರಾಯ್. ಯಂತ್ರದ ತಯಾರಿ ನಿಂತು ಎಷ್ಟೋ ವರ್ಷ ಆಯಿತು, ಆದರೂ ಜನ ಈ ಆಟ ಬಿಟ್ಟಿಲ್ಲ. ಇಬ್ಬರು ಕೂತು ಆಡುವ ಹೊಡೆದಾಟ ಇದು. ಬೇರೆ ಹೊಡೆದಾಟದ ಆಟಗಳಲ್ಲಿ ಎದುರಾಳಿಯ ಪ್ರಾಣದ ಪಟ್ಟಿ ಇಳಿಯುತ್ತಾ ಬಂದು ಸೊನ್ನೆಯಾದಾಗ ಮುಗಿಯುತ್ತದೆ. ಇಲ್ಲಿ ಪೆಟ್ಟು ತಿಂದಷ್ಟೂ ಶೇಕಡಾ ಲೆಕ್ಕ ಏರುತ್ತದೆ, ಲೆಕ್ಕ ಏರಿದಷ್ಟೂ ಮುಂದಿನ ಪೆಟ್ಟಿಗೆ ದೂರ ಹಾರುತ್ತಾನೆ. ರಂಗಸ್ಥಳದಿಂದ ಹೊರಗೆ ಹಾರಿ ಹಿಂದೆ ಬರಲಾಗದಿದ್ದರೆ ಒಂದು ಜೀವ ಹೋಯಿತು. ಸ್ಪರ್ಧೆಯಲ್ಲಿ ಒಬ್ಬೊಬ್ಬನಿಗೆ ನಾಲ್ಕು ಜೀವ, ಎಂಟು ನಿಮಿಷ.

ಆಡುವವರು ಇಪ್ಪತ್ತಾರು ಪಾತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಎಲ್ಲ ಪಾತ್ರಗಳೂ ಸಮಬಲದವಲ್ಲ. ಅನುಭವಿ ಆಟಗಾರರು ಕೂತು ಮೇಲಿಂದ ಕೆಳಗೆ ಪಟ್ಟಿ ಮಾಡುತ್ತಾರೆ, ಅದಕ್ಕೆ ಟಿಯರ್ ಲಿಸ್ಟ್ ಎನ್ನುವುದು. ಮೇಲೆ ಫಾಕ್ಸ್ ಎಂಬ ನರಿ. ಅಳಿಯನ ಪಾತ್ರದ ಹೆಸರು ಐಸ್ ಕ್ಲೈಂಬರ್ಸ್. 2015ರ ಪಟ್ಟಿಯಲ್ಲಿ ಅದಕ್ಕೆ ಎಂಟನೆಯ ಸ್ಥಾನ. ಇಪ್ಪತ್ತಾರರಲ್ಲಿ ಎಂಟು ಎಂದರೆ ಪರವಾಗಿಲ್ಲ, ಬಿ ಗ್ರೇಡಿನ ಮೇಲೆ ಎನ್ನಿ.

ಆದರೆ ಈ ಪಾತ್ರ ಒಂದಲ್ಲ, ಎರಡು. ಉಣ್ಣೆಯ ಟೋಪಿ-ಅಂಗಿಯ ಇಬ್ಬರು ಮಕ್ಕಳು, ಕೈಯಲ್ಲಿ ಒಂದೊಂದು ಮರದ ಸುತ್ತಿಗೆ. ನೀಲಿಯವ ಪೋಪೋ, ಗುಲಾಬಿಯವಳು ನಾನಾ. (ನಾನಾ ಎಂದರೆ ಇಲ್ಲಿ ಹುಡುಗಿಯ ಹೆಸರು. 'ನಾನಾ ವಿಧ'ದ ನಾನಾ ಎಂದು ಓದಿದರೆ ಮುಂದೆ ಗೊಂದಲ.) ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಪೂರ್ವರಂಗದ ಬಾಲಗೋಪಾಲರು. ಹೆಜ್ಜೆ ಒಂದೇ, ದೇಹ ಎರಡು.

ಅಳಿಯನ ಕೈಯಲ್ಲಿರುವುದು ಒಂದೇ ಗುಂಡಿಹಲಗೆ. ಅದು ಪೋಪೋನಿಗೆ ಆಜ್ಞೆ ಕೊಡುತ್ತದೆ. ನಾನಾ ಅದೇ ಆಜ್ಞೆಯನ್ನು ಆರು ಚಿತ್ರದಷ್ಟು ತಡವಾಗಿ ಪಾಲಿಸುತ್ತಾಳೆ. ಪರದೆಯ ಮೇಲೆ ಸೆಕೆಂಡಿಗೆ ಅರುವತ್ತು ಚಿತ್ರ ಓಡುತ್ತದೆ, ಅಂದರೆ ಅವಳು ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆ. ಚೆಂಡೆಯ ಗುರು ಬಾರಿಸಿದ್ದನ್ನು ಕಲಿಯುವ ಹುಡುಗ ಕೂಡಲೇ ಬಾರಿಸಿದ ಹಾಗೆ. ಇಬ್ಬರೂ ದೂರವಾದರೆ ಮಾತ್ರ ನಾನಾ ಆಟಗಾರನ ಮಾತು ಕೇಳುವುದಿಲ್ಲ. ಆಗ ಅವಳನ್ನು ನಡೆಸುವುದು ಯಂತ್ರ. ಯಂತ್ರದ ಬುದ್ಧಿ ಅಷ್ಟಕ್ಕಷ್ಟೇ. ಪೋಪೋನ ಹತ್ತಿರ ಬರಬೇಕು ಎಂಬ ಒಂದೇ ಆತುರದಲ್ಲಿ ಅವಳು ಎದುರಾಳಿಯ ಕಾಲಬುಡಕ್ಕೇ ಹೋಗಿ ಬೀಳುವುದನ್ನು ನಾನು ಆ ಸಂಜೆ ಹತ್ತು ಸಲ ನೋಡಿದೆ.

ಲೆಕ್ಕದ ನಿಯಮ ಇನ್ನೂ ವಿಚಿತ್ರ. ಮುಂದಾಳು ಪೋಪೋ ಬಿದ್ದರೆ ಒಂದು ಜೀವ ಹೋಯಿತು, ಜೊತೆಗೆ ನಾನಾಳೂ ಮಾಯ. ನಾನಾ ಬಿದ್ದರೆ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಪೋಪೋ ಆ ಜೀವ ಮುಗಿಯುವ ತನಕ ಒಬ್ಬನೇ ಆಡಬೇಕು, ಅಷ್ಟೆ. ಪೈವಳಿಕೆಯ ಕಂಬಳದಲ್ಲಿ ಒಂದು ಕೋಣ ಮುಗ್ಗರಿಸಿದರೆ ಜೋಡಿಯ ಓಟವೇ ಕೆಟ್ಟಿತು. ಇಲ್ಲಿ ಒಂದು ಕೋಣ ಬಿದ್ದರೂ ಉಳಿದದ್ದು ನೊಗ ಎಳೆದುಕೊಂಡು ಓಡಬೇಕು.

ಹಾಗೆ ಓಡುವ ಪೋಪೋ ಹೇಗಿರುತ್ತಾನೆ? ಪಾಪದವನು. ಅಂಚಿನಿಂದ ಕೆಳಗೆ ಬಿದ್ದಾಗ ಮೇಲೆ ಬರಲು ಇವರಿಗಿರುವ ಮುಖ್ಯ ಉಪಾಯ ಹಗ್ಗ. ಒಬ್ಬರು ಇನ್ನೊಬ್ಬರನ್ನು ಮೇಲಕ್ಕೆಸೆದು, ಮೇಲಿನವರು ಕೆಳಗಿನವರನ್ನು ಎಳೆದುಕೊಳ್ಳುವುದು. ಒಬ್ಬನೇ ಇದ್ದರೆ ಯಾರನ್ನು ಎಸೆಯುವುದು? ಸುತ್ತಿಗೆ ತಿರುಗಿಸಿಕೊಂಡು ಏರುವ ಇನ್ನೊಂದು ಉಪಾಯವೂ ಒಂಟಿಯಾಗಿ ಸೋಲುತ್ತದೆ. ಎದುರಾಳಿಯನ್ನು ಹಿಡಿದುಕೊಂಡರೂ ಒಂಟಿ ಪೋಪೋನಿಗೆ ಅದರಿಂದ ಹೆಚ್ಚು ಲಾಭ ಇಲ್ಲ. ಅದೇ ನಾನಾ ಪಕ್ಕದಲ್ಲಿದ್ದರೆ, ಪೋಪೋ ಹಿಡಿದುಕೊಂಡಿರುವಾಗ ಅವಳ ಕೈ ಖಾಲಿ. ಅವಳು ಹೊಡೆಯಬಹುದು.

ಈಗ ಅಂಕದ ವಿಚಾರಕ್ಕೆ ಬರುತ್ತೇನೆ. ಎಂಟನೆಯ ಸ್ಥಾನ ಎಂದರೆ ಯಾರ ಸ್ಥಾನ? ನಾನಾ ಇರುವ ಜೋಡಿ ಮೇಲಿನ ನಾಲ್ಕೈದು ಮಂದಿಯ ಜೊತೆ ಭುಜಕ್ಕೆ ಭುಜ ಕೊಟ್ಟು ನಿಲ್ಲಬಲ್ಲದು. ನಾನಾ ಇಲ್ಲದ ಪೋಪೋ ಪಟ್ಟಿಯ ಬುಡದವರ ಜೊತೆ ಸೇರಬೇಕಾದವನು. ಈ ಎರಡನ್ನು ಕಲಸಿ ಎಂಟು ಎಂದು ಬರೆದಿದ್ದಾರೆ. ಗಣಿತದಲ್ಲಿ ತೊಂಬತ್ತು, ಹಿಂದಿಯಲ್ಲಿ ಹತ್ತು ತೆಗೆದ ಮಗುವನ್ನು 'ಸರಾಸರಿ ಐವತ್ತರ ವಿದ್ಯಾರ್ಥಿ' ಎಂದು ನಾನೇ ರಿಜಿಸ್ಟರಿನಲ್ಲಿ ಬರೆದದ್ದುಂಟು, ಹಾಗಾಗಿ ಬೇರೆಯವರನ್ನು ಬಯ್ಯಲು ನನಗೆ ಬಾಯಿಲ್ಲ. ಆದರೆ ಆ ಮಗು ಯಾವ ಪರೀಕ್ಷೆಯಲ್ಲಿಯೂ ಐವತ್ತು ತೆಗೆದಿರಲಿಲ್ಲ. ಎಂಟನೆಯ ಸ್ಥಾನದ ಐಸ್ ಕ್ಲೈಂಬರ್ಸ್ ಕೂಡ ಪರದೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಆ ಅಂಕೆ ನಿಜವಾಗಿ ಅಳೆಯುವುದು ನಾನಾ ಎಷ್ಟು ಹೊತ್ತು ಬದುಕಿರುತ್ತಾಳೆ ಎಂಬುದನ್ನು. ಪೀಚ್ ಎಂಬ ರಾಜಕುಮಾರಿಯ ಪಾತ್ರ ಇವರನ್ನು ಸುಲಭವಾಗಿ ಬೇರೆ ಮಾಡಬಲ್ಲದು, ಹಾಗಾಗಿ ಅವಳ ಎದುರು ಇವರಿಗೆ ಭಾರೀ ಕಷ್ಟ. ಬೇರೆ ಮಾಡಲು ಗೊತ್ತಿಲ್ಲದವರ ಎದುರು ಇವರೇ ಯಮ.

ಇಷ್ಟು ಗೊತ್ತಾದ ಮೇಲೆ ಅಳಿಯನ ದುಃಖದ ಮೂಲಕ್ಕೆ ಬರಬಹುದು. ಅವನು ಕಲಿತ ವಿದ್ಯೆಯ ಹೆಸರು ವಾಬ್ಲಿಂಗ್. ಅಮೆರಿಕದ ರಾಬರ್ಟ್ ರೈಟ್ ಎಂಬ ಆಟಗಾರನ ಅಡ್ಡಹೆಸರು ವಾಬಲ್ಸ್, ಅವನಿಂದ ಈ ಹೆಸರು. ಪೋಪೋ ಎದುರಾಳಿಯನ್ನು ಹಿಡಿದುಕೊಂಡು ಒಂದೇ ಲಯದಲ್ಲಿ ಕುಟ್ಟುತ್ತಾನೆ, ಅದೇ ಲಯದಲ್ಲಿ ನಾನಾ ಸುತ್ತಿಗೆಯಿಂದ ಹೊಡೆಯುತ್ತಾಳೆ. ತಾಳ ತಪ್ಪದಿದ್ದರೆ ಹಿಡಿತ ಬಿಡುವುದೇ ಇಲ್ಲ. ಹಿಡಿಸಿಕೊಂಡವನು ಎಷ್ಟು ಗುಂಡಿ ಒತ್ತಿದರೂ ಪ್ರಯೋಜನ ಇಲ್ಲ. ಶೇಕಡಾ ಲೆಕ್ಕ ನೂರು, ಇನ್ನೂರು ದಾಟುತ್ತದೆ, ಕೊನೆಗೊಂದು ದೊಡ್ಡ ಪೆಟ್ಟು. ಒಂದು ಸಲ ಹಿಡಿದರೆ ಒಂದು ಜೀವ ಹೋಯಿತು ಎಂದೇ ಲೆಕ್ಕ.

2013ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಇವೋ ಎಂಬ ದೊಡ್ಡ ಕೂಟದಲ್ಲಿ ವಾಬಲ್ಸ್ ಇದೇ ಜೋಡಿಯನ್ನು ಹಿಡಿದು ಎರಡನೆಯ ಸ್ಥಾನಕ್ಕೆ ಬಂದ. ಗೆದ್ದವನು ಮ್ಯಾಂಗೊ ಎಂಬಾತ. ಆಮೇಲೆ ವರ್ಷಗಟ್ಟಲೆ ಚರ್ಚೆ. ಕೆಲವು ಕಡೆ ಬಿಟ್ಟರು, ಕೆಲವು ಕಡೆ ಇಂತಿಷ್ಟು ಶೇಕಡಾ ತನಕ ಮಾತ್ರ ಎಂದರು. 2019ರ ಹೊತ್ತಿಗೆ ಹೆಚ್ಚಿನ ದೊಡ್ಡ ಕೂಟಗಳು ಬೇಡವೇ ಬೇಡ ಎಂದವು.

ನಾನು ಮೊದಲು ಒಂದೇ ಮಾತಿಗೆ ನಿಷೇಧದ ಪಕ್ಷ ಹಿಡಿದೆ. ಅಳಿಯ ಬಿಡಲಿಲ್ಲ.

"ಹಾಗಲ್ಲ ಮಾವ. ಜಿಗ್ಲಿಪಫ್ ಎಂಬ ಉರುಟು ಪಾತ್ರ ಉಂಟು. ಅದು ಒಂದು ಕ್ಷಣ ನಿದ್ದೆ ಮಾಡಿ ಮುಟ್ಟಿದರೆ ಸಾಕು, ಎದುರಿನವ ಢಮಾರ್. ಅದಕ್ಕೆ ಯಾರೂ ಬೇಡ ಎನ್ನಲಿಲ್ಲವಲ್ಲ?"

"ಮುಟ್ಟದೆ ಹೋದರೆ?"

"ಅದು ನಿದ್ದೆಯಲ್ಲೇ ಇರುತ್ತದೆ. ಎದುರಿನವ ಬೇಕಾದಷ್ಟು ಹೊಡೆಯಬಹುದು."

"ಮತ್ತೆ? ಅದು ತಲೆ ಒಡ್ಡಿ ಆಡುವ ಜೂಜು. ನಿನ್ನದರಲ್ಲಿ ಹಿಡಿದ ಮೇಲೆ ನಿನಗೆ ಏನು ಅಪಾಯ?"

"ಅಪಾಯ ಹಿಡಿಯುವ ಮೊದಲು, ಮಾವ. ನಾನಾ ಬದುಕಿರಬೇಕು, ಪಕ್ಕದಲ್ಲಿರಬೇಕು, ಎದುರಿನವ ನರಿಯ ಹಾಗೆ ಓಡುವಾಗ ಅವನನ್ನು ಹಿಡಿಯಬೇಕು. ಅಷ್ಟು ಮಾಡಿದ್ದಕ್ಕೆ ಅದು ಕೂಲಿ."

ಈ ಮಾತಿನಲ್ಲಿ ತೂಕ ಉಂಟು. ವಾಬ್ಲಿಂಗ್ ಇಲ್ಲದೆ ಇವರು ಏನೂ ಅಲ್ಲ, ಕೆಟ್ಟ ಪಾತ್ರಕ್ಕೆ ಒಂದು ಉಪಾಯ ಸಿಕ್ಕಿ ಮೇಲೆ ಬಂತು ಎಂದು ನಿಷೇಧದ ಪಕ್ಷದವರು ಕೆಲವರು ಹೇಳುವುದಂತೂ ಸುಳ್ಳು. ಆ ವಿದ್ಯೆ ಎಲ್ಲ ಕಡೆ ಬಳಕೆಗೆ ಬರುವ ಮೊದಲೇ, ಚುಡಾಟ್ ಎಂಬ ಅಮೆರಿಕದ ಆಟಗಾರ ಇದೇ ಜೋಡಿಯಿಂದ ಆ ದೇಶದ ಮುಂಚೂಣಿಯವರಲ್ಲಿ ಒಬ್ಬನಾಗಿದ್ದ. ನಾನಾಳ ಆ ಹತ್ತನೇ ಒಂದು ಸೆಕೆಂಡಿನ ಹಿನ್ನಡೆಯನ್ನೇ ಬಂಡವಾಳ ಮಾಡಿಕೊಳ್ಳುವ ದಾರಿಗಳುಂಟು. ಪೋಪೋ ಬೇರೊಂದು ಕ್ರಿಯೆಯಲ್ಲಿ ಸಿಕ್ಕಿಕೊಂಡಿರುವ ಕ್ಷಣದಲ್ಲಿ ಗುಂಡಿ ಒತ್ತಿದರೆ ಆಜ್ಞೆ ನಾನಾಳಿಗೆ ಮಾತ್ರ ತಲುಪುತ್ತದೆ. ಆಗ ಅವಳು ಮಂಜು ಊದುತ್ತಿರುವಾಗ ಅವನು ಮುಂದೆ ಹೋಗಿ ಹಿಡಿಯಬಹುದು. ಇದಕ್ಕೆ ಡಿಸಿಂಕ್ ಎನ್ನುತ್ತಾರೆ. ಒಂದು ಕೈ ಎರಡು ತಾಳ ಹಾಕಿದ ಹಾಗೆ. ಅಳಿಯ ತೋರಿಸಿದ ಒಂದು ಹಳೆಯ ಪಂದ್ಯದಲ್ಲಿ ಇದನ್ನು ನೋಡಿ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹಾಕಿಸಿದೆ.

ಹಾಗಾದರೆ ನಿಷೇಧ ತಪ್ಪಾ? ನನ್ನ ಅಭಿಪ್ರಾಯದಲ್ಲಿ ತಪ್ಪಲ್ಲ, ಆದರೆ ಅವರು ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ಎದುರಾಳಿ ಕೈ ಕಟ್ಟಿ ಕೂರಬೇಕು, ನೋಡುವವರಿಗೆ ಬೇಸರ ಎನ್ನುತ್ತಾರೆ. ಬೇಸರದ ಮಾತು ಬಿಡಿ, ಬೇಸರ ಬರಿಸುವ ಅರ್ಥಧಾರಿಗೂ ನಾವು ರಾತ್ರಿಯಿಡೀ ಕಿವಿ ಕೊಟ್ಟದ್ದುಂಟು. ನನಗೆ ಕಾಣುವ ಕಾರಣ ನಾನಾ. ವಾಬ್ಲಿಂಗ್ ಇದ್ದಾಗ ಒಂದು ಜೀವ ತೆಗೆಯಲು ಅವಳು ಒಂದು ಸಲ, ಒಂದು ಹಿಡಿತದ ಹೊತ್ತಿಗೆ ಪಕ್ಕದಲ್ಲಿದ್ದರೆ ಸಾಕಿತ್ತು. ಅಲ್ಲಿಂದ ಮೇಲೆ ಅವಳು ಅಕ್ಕಿ ಗಿರಣಿಯ ಬೆಲ್ಟಿನ ಹಾಗೆ. ಆ ಉಪಾಯ ಹೋದ ಮೇಲೆ ಜೋಡಿಯವರು ಹಿಡಿದು, ಎಸೆದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವ ಕಷ್ಟದ ಸರಪಳಿ ಮಾಡಬೇಕು. ಪ್ರತಿ ಕೊಂಡಿಗೂ ಅವಳು ಬೇಕು. ಹಾಗಾಗಿ ಅವಳನ್ನು ಕಾಯಬೇಕು, ಅಂಚಿಗೆ ಹೋದರೆ ಓಡಿ ಹೋಗಿ ತರಬೇಕು. ಪಟ್ಟಿಯಲ್ಲಿ ಸ್ಥಾನ ಇಳಿದಿರಬಹುದು. ಲೆಕ್ಕಕ್ಕೇ ಇಲ್ಲದಿದ್ದ ಆ ಹುಡುಗಿಯ ಬೆಲೆ ಏರಿತು.

ಇದನ್ನು ನಾನು ಹೇಳುವುದಕ್ಕೆ ಇನ್ನೊಂದು ಹಿನ್ನೆಲೆ ಉಂಟು. ಈ ಮಕ್ಕಳು ಹುಟ್ಟಿದ್ದು 1985ರ ಐಸ್ ಕ್ಲೈಂಬರ್ ಎಂಬ ಆಟದಲ್ಲಿ. ಮಂಜಿನ ಬೆಟ್ಟವನ್ನು ಸುತ್ತಿಗೆಯಿಂದ ಒಡೆಯುತ್ತಾ ಮೇಲೆ ಹೋಗುವ ಸಣ್ಣ ಆಟ. ಅಲ್ಲಿ ಪೋಪೋನನ್ನು ಆಡುವವನು ಒಬ್ಬ, ನಾನಾಳನ್ನು ಆಡುವವರು ಪಕ್ಕದಲ್ಲಿ ಕೂತ ಇನ್ನೊಬ್ಬರು. ಹದಿನಾರು ವರ್ಷ ಕಳೆದು ಹೊಡೆದಾಟದ ಆಟಕ್ಕೆ ಬರುವಾಗ ಪಕ್ಕದಲ್ಲಿ ಕೂತವರು ಎದ್ದು ಹೋಗಿ ಅವರ ಜಾಗದಲ್ಲಿ ಒಂದು ಪ್ರತಿಧ್ವನಿ ಉಳಿದಿತ್ತು.

ಮುಂದಿನ ಕತೆ ಬೇಗ ಹೇಳಬಹುದು. 2008ರ ಬ್ರಾಲ್ ಎಂಬ ಮುಂದಿನ ಆಟದಲ್ಲಿ ಕೊನೆಯಿಲ್ಲದೆ ಹಿಡಿದು ಎಸೆಯುವ ದಾರಿ ಇವರಿಗೆ ಇನ್ನೂ ಅಗಲವಾಗಿ ಸಿಕ್ಕಿ, ಪಟ್ಟಿಯಲ್ಲಿ ಎರಡನೆಯ ಸ್ಥಾನದ ತನಕ ಏರಿದರು. 2014ರ ಆಟದಲ್ಲಿ ಇವರೇ ಇಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ, 3ಡಿಎಸ್, ಇಬ್ಬಿಬ್ಬರ ಭಾರ ಹೊರಲಿಲ್ಲ ಎಂದು ಸಕುರಾಯ್ ಅವರೇ ಕಾರಣ ಕೊಟ್ಟರು. 2018ರಲ್ಲಿ ಮರಳಿ ಬಂದರು. ಅಷ್ಟರಲ್ಲಿ ಆ ಕೊನೆಯಿಲ್ಲದ ಹಿಡಿತಗಳನ್ನು ತಯಾರಕರೇ ಮುಚ್ಚಿದ್ದರು, ಕೂಟದವರ ನಿಷೇಧಕ್ಕೆ ಕಾಯಲಿಲ್ಲ.

ಅಳಿಯ ನನ್ನ ವಾದವನ್ನು ಪೂರ್ತಿ ಒಪ್ಪಲಿಲ್ಲ. "ನಿಮಗೇನು ಮಾವ, ಎರಡು ವರ್ಷ ಹೋದದ್ದು ನನ್ನದು" ಎಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಿಯಮ ಸರಿಯಾಗಿದ್ದರೂ ನಿನ್ನೆಯ ತನಕ ಸರಿ ಎಂದದ್ದನ್ನು ಇವತ್ತು ತಪ್ಪು ಎಂದಾಗ ನಷ್ಟ ಯಾರಿಗೋ ಆಗಿಯೇ ಆಗುತ್ತದೆ. ಪಠ್ಯಕ್ರಮ ಬದಲಾದ ವರ್ಷ ಹಳೆಯ ಪುಸ್ತಕ ಬಾಯಿಪಾಠ ಮಾಡಿ ಬಂದ ಮಕ್ಕಳ ಮುಖ ನಾನು ನೋಡಿದ್ದೇನೆ.

ಮರುದಿನ ರಾತ್ರಿ ಊಟ ಆದ ಮೇಲೆ ಮತ್ತೆ ಆಡುತ್ತಿದ್ದ. ನಾನಾ ಅಂಚಿನ ಆಚೆ ಹಾರಿ ಬಿದ್ದಳು. ಅವನು ಪೋಪೋನನ್ನು ನೆಲದ ಮೇಲೆ ಸುರಕ್ಷಿತವಾಗಿ ನಿಲ್ಲಿಸಬಹುದಿತ್ತು. ಇಳಿಸಿದ. ಅವಳ ಪಕ್ಕಕ್ಕೆ ತಲುಪಿ ಹಗ್ಗ ಎಸೆದ, ಇಬ್ಬರೂ ಮೇಲೆ ಬಂದರು. ಬಂದ ಕೂಡಲೇ ಎದುರಿನವ ಇಬ್ಬರನ್ನೂ ಹೊಡೆದು ಬೀಳಿಸಿದ. "ನೋಡಿದಿರಾ ಮಾವ, ನಿಮ್ಮ ಮಾತು ಕೇಳಿ ಒಂದು ಜೀವ ಹೋಯಿತು" ಎಂದು ನಗುತ್ತಾ ಮುಂದಿನ ಜೀವಕ್ಕೆ ಕೂತ.